ಉಸಿರು ಎಂಬ ಗುಂಡಿ

ನಾನು ಒಂದು ಗುಂಡಿ. ಅಂಗಿಯ ಗುಂಡಿಯಲ್ಲ, ಹಳೆಯ ರೇಡಿಯೋದ ಮುಖದ ಮೇಲೆ ಸದ್ದು ಏರಿಸಲು, ಇಳಿಸಲು ತಿರುಗಿಸುತ್ತಿದ್ದರಲ್ಲ, ಆ ಜಾತಿಯದು. ಆದರೆ ಅದಕ್ಕಿದ್ದಂತೆ ನನಗೆ ಮೈ ಇರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಬಿಳಿ ಗೆರೆ, ಕೆಳಗೆ ಒಂದು ಹೆಸರು, ಅಷ್ಟೇ ನಾನು. ಬಾಣದ ಗುರುತೊಂದು ತೇಲಿಬಂದು ನನ್ನ ಮೇಲೆ ಕೂತು ಎಳೆದರೆ ತಿರುಗುತ್ತಿದ್ದೆ. ಈಗ ಆ ವೃತ್ತವೂ ಇಲ್ಲ, ಗೆರೆಯೂ ಇಲ್ಲ. ಆದರೂ ನಾನಿದ್ದೇನೆ. ಇದ್ದೂ ಇಲ್ಲದವಳಾದದ್ದು ಹೇಗೆ ಎಂದು ಹೇಳಬೇಕಾದರೆ ಹುಟ್ಟಿನಿಂದಲೇ ಶುರು ಮಾಡಬೇಕು.

ಕಂಪ್ಯೂಟರಿನಲ್ಲಿ ಹಾಡು ಕೂಡಿಸುವವರು ದೊಡ್ಡದೊಂದು ತಂತ್ರಾಂಶ ಇಟ್ಟುಕೊಂಡಿರುತ್ತಾರೆ. ಅದರೊಳಗೆ ತಮಗೆ ಬೇಕಾದ ವಾದ್ಯವನ್ನು ಬೇಕಾದಾಗ ಸಿಕ್ಕಿಸಿಕೊಂಡು ಬಾರಿಸುತ್ತಾರೆ. ಹಾಗೆ ಸಿಕ್ಕಿಸುವ ವಾದ್ಯಕ್ಕೆ ಪ್ಲಗಿನ್ ಎಂದು ಹೆಸರು. ನಾನು ಹುಟ್ಟಿದ ಪ್ಲಗಿನ್ನಿನ ಹೆಸರು 'ಪೇಟಿ'. ನಮ್ಮ ಕಡೆ ಹಾರ್ಮೋನಿಯಂ ಅನ್ನು ಕರೆಯುವುದೇ ಹಾಗೆ. ಧಾರವಾಡದ ಲೈನ್ ಬಜಾರಿನ ಹಿಂದೆ ಒಂದು ಓಣಿ, ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿ, ಗಿರಣಿಯ ಮೇಲೆ ಒಂದು ಕೋಣೆ. ಆ ಕೋಣೆಯೇ ನನ್ನ ತವರು. ಗಿರಣಿ ತಿರುಗುವಾಗ ಮೇಜಿನ ಮೇಲಿನ ಚಹದ ಲೋಟ ಸಣ್ಣಗೆ ನಡುಗುತ್ತಿತ್ತು. ಮಧ್ಯಾಹ್ನ ಗಿರಣಿಯವರು ಊಟಕ್ಕೆ ಎದ್ದು ಯಂತ್ರದ ಪಟ್ಟಿ ನಿಂತ ಮೇಲೆಯೇ ಅಲ್ಲಿ ಧ್ವನಿಮುದ್ರಣ. ಹಾಗಾಗಿ ನಮ್ಮ ಪೇಟಿಯ ಪ್ರತಿಯೊಂದು ಸ್ವರವೂ ಯಾರದೋ ಊಟದ ಹೊತ್ತಿನಲ್ಲಿ ಹಿಡಿದದ್ದು.

ನನ್ನನ್ನು ಹುಟ್ಟಿಸಿದವಳು ಇಂದುಮತಿ ಬೆಟಗೇರಿ. ಅವಳ ಜೊತೆಗೆ ಕೆಲಸ ಮಾಡುತ್ತಿದ್ದವನು ವೀರೇಶ ಅಂಗಡಿ, ಅವಳಿಗಿಂತ ಚಿಕ್ಕವನು. ಇಬ್ಬರೇ.

ಗುಂಡಿಗಳನ್ನು ಇಂದುಮತಿ ಒಂದೊಂದಾಗಿ ಕೈಯಿಂದ ಕಟ್ಟುತ್ತಿರಲಿಲ್ಲ. ಒಂದು ಗುಂಡಿಗೆ ಜೀವ ಬರಬೇಕಾದರೆ ಅದರ ಕೋಡನ್ನು ನಾಲ್ಕಾರು ಕಡೆ ಬರೆಯಬೇಕು: ಪರದೆಯ ಮೇಲೆ ಅದನ್ನು ಬಿಡಿಸುವ ಕಡೆ, ಸದ್ದು ಹುಟ್ಟುವ ಕಡೆ, ಹಾಡಿನ ಜೊತೆ ಅದರ ತಿರುಗಾಟವನ್ನು ನೆನಪಿಡುವ ಕಡೆ. ಒಂದು ಕಡೆ ಹೆಸರು ತಪ್ಪಿದರೂ ಎಲ್ಲ ಹಾಳು. ಅದಕ್ಕೆ ಅವಳು ಒಂದು ಉಪಾಯ ಮಾಡಿದ್ದಳು. ಒಂದು ಕಡತದಲ್ಲಿ ಗುಂಡಿಗೊಂದು ಸಾಲು. ಹೆಸರು, ಸಂಖ್ಯೆ, ಎಲ್ಲಿಂದ ಎಲ್ಲಿಯವರೆಗೆ ತಿರುಗಬೇಕು, ಹುಟ್ಟಿದಾಗ ಎಲ್ಲಿ ನಿಂತಿರಬೇಕು. ಮೆಟಾಡೇಟಾ ಎನ್ನುತ್ತಿದ್ದರು ಅದಕ್ಕೆ. ಆ ಸಾಲುಗಳನ್ನು ಓದಿ ಮಿಕ್ಕ ಕೋಡನ್ನೆಲ್ಲ ತಾನೇ ಬರೆದುಕೊಡುವ ಸಣ್ಣ ಪ್ರೋಗ್ರಾಮೊಂದನ್ನು ಅವಳು ಸಾಕಿಕೊಂಡಿದ್ದಳು.

ಅದಕ್ಕೆ ಹೆಸರಿಟ್ಟವಳು ಆಯಿ.

ಆಯಿ ಎಂದರೆ ಇಂದುಮತಿಯ ಅಜ್ಜಿ, ಶೇವಂತವ್ವ. ನಾಟಕ ಕಂಪನಿಗಳಲ್ಲಿ ಮೊದಲು ಪಾತ್ರ ಮಾಡಿ, ದಮ್ಮು ಹತ್ತಿ ಕಂಠ ಬಿದ್ದ ಮೇಲೆ ರಂಗದ ಮುಂದಿನ ತಗ್ಗಿನಲ್ಲಿ ಕೂತು ಪೇಟಿ ಬಾರಿಸಿದವಳು. ಗಿರಣಿಯ ಮೆಟ್ಟಿಲನ್ನು ನಿಂತು ನಿಂತು ಏರಿ ಬಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಮೊದಲು ತನ್ನ ಉಸಿರನ್ನು ಒಟ್ಟುಗೂಡಿಸಿಕೊಂಡು, ಆಮೇಲೆ ಮಾತು.

"ಇದೇನ ಬರ್ಯಾಕತ್ತಿಯವಾ ಸಾಲ ಸಾಲ?"

"ಗುಂಡಿಗೋಳ ವಿವರ ಆಯಿ. ಹೆಸರೇನು, ಎಷ್ಟ ತಿರಗಬೇಕು, ಹುಟ್ಟಿದಾಗ ಎಲ್ಲಿ ನಿಂದರಬೇಕು."

"ಜಾತಕ ಅನ್ನು."

"ಹೂಂ, ಜಾತಕ. ಇದನ್ನಿಷ್ಟ ಬರದಿಟ್ರ ಸಾಕು. ಈ ಪ್ರೋಗ್ರಾಮ್ ಓದಿಕೊಂಡು ಅವುಗಳ ಹಣೇಬರಾ ಎಲ್ಲಾ ತಾನ ಬರೀತೈತಿ."

"ಹಂಗಾದ್ರ ಅದು ಪ್ರೋಗ್ರಾಮ್ ಅಲ್ಲ ನನ್ನವ್ವಾ, ಸೆಟವಿ!" ಎಂದು ಆಯಿ ನಕ್ಕಳು. ನಕ್ಕದ್ದು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಯಿತು.

ಕೂಸು ಹುಟ್ಟಿದ ಐದನೆಯ ದಿನ ಬಾಣಂತಿಯ ಕೋಣೆಯಲ್ಲಿ ದೀಪ ಹಚ್ಚಿ, ತಲೆದೆಸೆಗೆ ಖಾಲಿ ಹಾಳೆಯನ್ನೂ ಪೆನ್ನನ್ನೂ ಇಡುತ್ತಾರೆ. ಎಲ್ಲರೂ ಮಲಗಿದ ಮೇಲೆ ಸೆಟವಿತಾಯಿ ಬಂದು ಕೂಸಿನ ಹಣೆಯ ಮೇಲೆ ಬರೆದು ಹೋಗುತ್ತಾಳಂತೆ. ಬರೆದದ್ದು ಯಾರಿಗೂ ಕಾಣುವುದಿಲ್ಲ. ಬರೆದ ಹಾಗೆ ಆಗುತ್ತದೆ. ಇಂದುಮತಿ ಈ ಕಥೆಯನ್ನು ಆಯಿಯ ತೊಡೆಯ ಮೇಲೆಯೇ ಕೇಳಿದವಳು. ಅಂದೇ ಆ ಪ್ರೋಗ್ರಾಮಿಗೆ ಸೆಟವಿ ಎಂದು ಹೆಸರು ಬರೆದಳು. ಸೆಟವಿ ಬರೆದುಕೊಡುವ ಪ್ರತಿ ಕಡತದ ನೆತ್ತಿಯ ಮೇಲೆ ಒಂದು ಸಾಲು ತಾನಾಗಿ ಬರುವಂತೆಯೂ ಮಾಡಿದಳು: 'ಇದು ಸೆಟವಿ ಬರದದ್ದು. ಕೈ ಹಚ್ಚಬ್ಯಾಡ್ರಿ. ಹಚ್ಚಿದ್ರೂ ಉಳಿಯಂಗಿಲ್ಲ.'

ಅದು ತಮಾಷೆಯೂ ಹೌದು, ಎಚ್ಚರಿಕೆಯೂ ಹೌದು. ಸೆಟವಿ ಪ್ರತಿ ಸಲವೂ ಜಾತಕವನ್ನಷ್ಟೇ ಓದುತ್ತಾಳೆ. ಮೊದಲು ಬರೆದದ್ದನ್ನು ಪೂರಾ ಒರೆಸಿ ಹೊಸದಾಗಿ ಬರೆಯುತ್ತಾಳೆ. ನಡುವೆ ಯಾರಾದರೂ ಕೈಯಿಂದ ಏನಾದರೂ ಸೇರಿಸಿದ್ದರೆ ಅವಳಿಗೆ ಅದು ಕಾಣುವುದೇ ಇಲ್ಲ.

ಜಾತಕದ ಏಳನೆಯ ಸಾಲಿನಲ್ಲಿ ನಾನು ಹುಟ್ಟಿದೆ. ಹೆಸರು: ಉಸಿರು. ಸೊನ್ನೆಯಿಂದ ನೂರರವರೆಗೆ. ಹುಟ್ಟಿದಾಗ ಸೊನ್ನೆಯಲ್ಲಿ.

ನನ್ನ ಹೆಸರಿನ ಹಿಂದೆ ಒಂದು ಹರಿದ ತಿದಿ ಇತ್ತು. ಪೇಟಿಯ ಹಿಂಬದಿಯಲ್ಲಿ ಎಡಗೈಯಿಂದ ಒತ್ತಿ ಗಾಳಿ ತುಂಬುತ್ತಾರಲ್ಲ, ಅದೇ ತಿದಿ. ಯಾವುದೋ ಊರಿನಲ್ಲಿ, ಇನ್ನೇನು ನಾಂದಿ ಶುರುವಾಗಬೇಕು, ಆಗ ಆಯಿಯ ಪೇಟಿಯ ತಿದಿ ಮಡಿಕೆಯಲ್ಲಿ ಸೀಳಿತಂತೆ. ಹೊರಗೆ ಜನ ಸಿಳ್ಳೆ ಹೊಡೆಯುತ್ತಿದ್ದರು. ಆಯಿ ಹಿಂದುಮುಂದು ನೋಡಲಿಲ್ಲ. ರಾಜದರ್ಬಾರಿನ ಪರದೆಯ ಅಂಚನ್ನು ಕತ್ತರಿಸಿ, ಗಡ್ಡಮೀಸೆ ಅಂಟಿಸುವ ಅಂಟನ್ನು ಹಚ್ಚಿ, ಸೀಳಿನ ಮೇಲೆ ಮೆತ್ತಿ ಬಾರಿಸಿಬಿಟ್ಟಳು. ಮಾಲೀಕರು ಪರದೆ ಹಾಳಾಯಿತೆಂದು ಬೈದರು. ಆ ತೇಪೆ, ಆಯಿಯ ಬಾಯಲ್ಲಿ ತ್ಯಾಪಿ, ಮಾತ್ರ ಕೂತುಬಿಟ್ಟಿತು. ಅಂದಿನಿಂದ ಆ ಪೇಟಿ ಸ್ವರ ಹೊರಡಿಸುವ ಮೊದಲು ಒಂದು ಸಣ್ಣ ನಿಟ್ಟುಸಿರು ಬಿಡುತ್ತಿತ್ತು. ಕಂಪನಿಯವರು ಬಣ್ಣದ ಕೋಣೆಯಲ್ಲಿ ಕಣ್ಣುಮುಚ್ಚಿ ಕೂತಿದ್ದರೂ ಹೇಳುತ್ತಿದ್ದರಂತೆ, ಶೇವಂತವ್ವ ಬಂದಳು ಎಂದು.

ಆಟ ಮುಗಿದ ಮೇಲೆ ಆಯಿ ಮಾಡುತ್ತಿದ್ದ ಕೊನೆಯ ಕೆಲಸವೂ ಒಂದಿತ್ತು. ತಿದಿಯಲ್ಲಿ ಉಳಿದ ಗಾಳಿಯನ್ನು ನಿಧಾನವಾಗಿ, ಪೂರ್ತಿಯಾಗಿ ಹೊರಗೆ ಬಿಟ್ಟು, ಆಮೇಲೆಯೇ ಕೊಂಡಿ ಹಾಕುವುದು. ಅವಸರದಲ್ಲಿ ಕೊಂಡಿ ಹಾಕಿದವರನ್ನು ಕಂಡರೆ ಸಿಟ್ಟಾಗುತ್ತಿದ್ದಳು. "ಗಾಳಿ ಒಳಗ ಇಟ್ಟು ಬಾಗಲಾ ಹಾಕಬಾರದವಾ. ಅದಕ್ಕೂ ಮನಿಗೆ ಹೋಗೂದಿರತೈತಿ."

ನಾನು ಹುಟ್ಟುವ ಹೊತ್ತಿಗೆ ಡಾಕ್ಟರು ಆಯಿಗೆ ತಿದಿ ಒತ್ತಬೇಡಿ ಎಂದಿದ್ದರು. ತ್ಯಾಪಿಯೂ ಅಂಚಿನಲ್ಲಿ ಏಳತೊಡಗಿತ್ತು. ಯಾವುದು ಮೊದಲು ಹೋಗುತ್ತದೋ ಎಂಬ ಭಯ ಇಂದುಮತಿಗೆ. ಬರೀ ಹಾಡನ್ನು ಮುದ್ರಿಸಿಟ್ಟರೆ ಆಗದೇ ಎಂದು ವೀರೇಶ ಕೇಳಿದ್ದಕ್ಕೆ ಅವಳು, "ಹಾಡು ಉಳಸೂದಲ್ಲೋ, ನನಗ ಪೇಟಿ ಉಳಸೂದೈತಿ. ನಾಳೆ ಯಾರ ಬಾರಿಸಿದ್ರೂ ಆಯಿ ಪೇಟಿ ಆಯಿ ಪೇಟೀನ ಆಗಿರಬೇಕು. ಅದನ್ನ ಆಯಿ ಇರೂವಾಗ ಆಯೀನ ಕೇಳಿ, ಹೌದು ಅನ್ನಬೇಕು" ಎಂದಿದ್ದಳು. ಆ ಒಂದು 'ಹೌದು'ಗಾಗಿಯೇ ನಾನು ಹುಟ್ಟಿದ್ದು.

ಮೊದಲ ಸಲ ನನ್ನನ್ನು ತಿರುಗಿಸಿದಾಗ ಆಯಿ ಮುಖ ಕಿವುಚಿದಳು.

"ಫ್ಯಾನ್ ಹಚ್ಚಿದೇನ?"

"ಇಲ್ಲ ಆಯಿ, ಇದು ನಿನ್ನ ತಿದಿ ಉಸಿರು. ನಿನ್ನ ಪೇಟಿಯಿಂದನ ಹಿಡದದ್ದು."

"ಉಸಿರು ನಂದ ಇರಬಹುದು, ಬಿಡೂದು ನನ್ನಂಗಲ್ಲ. ಸ್ವರದ ಕೈ ಹಿಡಕೊಂಡು ಜೋಡೀಲೆ ಬರಾಕತ್ತೈತಿ ನೋಡು, ಮದಲಗಿತ್ತಿಯಂಗ. ಮೊದಲ ಉಸಿರು ಬರಬೇಕು. ಸ್ವರ ಹಿಂದಿಂದ."

ಜಾತಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಹೆಚ್ಚು, ಕಡಿಮೆ ಎನ್ನಲು ಜಾಗವಿತ್ತು. ಮೊದಲು, ಆಮೇಲೆ ಎನ್ನಲು ಇರಲಿಲ್ಲ. ಸರಿಯಾದ ದಾರಿ ಎಂದರೆ ಜಾತಕಕ್ಕೆ ಹೊಸದೊಂದು ಲಕ್ಷಣ ಸೇರಿಸಿ, ಅದನ್ನು ಓದುವುದನ್ನು ಸೆಟವಿಗೆ ಕಲಿಸಬೇಕು. ಅದು ಕೂತು ಮಾಡಬೇಕಾದ ಕೆಲಸ. ಕೆಳಗೆ ಗಿರಣಿ ಆಗ ತಾನೇ ನಿಂತಿತ್ತು. ಆಯಿ ಮೆಟ್ಟಿಲು ಏರಿ ಬಂದಿದ್ದಳು. ನಾಳೆ ಏರುತ್ತಾಳೋ ಇಲ್ಲವೋ. ಇಂದುಮತಿ ಸೆಟವಿ ಬರೆದ ಕಡತವನ್ನೇ ತೆರೆದಳು. 'ಕೈ ಹಚ್ಚಬ್ಯಾಡ್ರಿ' ಎಂಬ ತನ್ನದೇ ಸಾಲಿನ ಕೆಳಗೆ ಕೈ ಹಚ್ಚಿದಳು.

"ನಾಳೆ ಸೆಟವಿಗೆ ಕಲಸ್ತೀನಿ. ಈಗ ನೀ ಕೇಳು" ಎಂದಳು.

ಆ ಮಧ್ಯಾಹ್ನವನ್ನು ನಾನು ಹೇಗೆ ಹೇಳಲಿ? ಅವಳು ಒಂದು ಸಾಲು ಬರೆಯುವಳು, ನಾನು ಹೊಸದಾಗಿ ಏಳುವೆ, ಆಯಿ ಕಿವಿಗೊಡುವಳು.

"ಇನ್ನೂ ತಡಾ ಆಗಬೇಕು ಸ್ವರ."

"ಈಗ?"

"ಈಗ ಭಾಳ ತಡಾ ಆತು. ಬಸ್ಸು ತಪ್ಪಿದವರಂಗ ಓಡಿ ಬಂತು."

"ಈಗ?"

"ಹಾಂ, ಹತ್ತಿರಕ ಬಂದಿ. ನಡುವ ಒಂದ್ಕಡೆ ತೊದಲಬೇಕು ನೋಡು. ತಿದಿ ಅರ್ಧಾ ಮುಚ್ಚಿದಾಗ. ಅಲ್ಲಿ ತ್ಯಾಪಿ ಐತಿ."

ತೊದಲುವುದನ್ನು ಹಚ್ಚಿದ ಮೇಲೆ ಆಯಿ ಕಿವಿಗೊಟ್ಟು ಕೂತಳು. ಕಣ್ಣು ಮುಚ್ಚಿದ್ದಳು. ಇಂದುಮತಿ ಕೀಲಿಯ ಮೇಲಿಂದ ಬೆರಳು ತೆಗೆಯಲಿಲ್ಲ.

"ಅಂಟಿನ ವಾಸನಿ ಬಂತವಾ" ಎಂದಳು ಆಯಿ. "ಹೌದು. ಇದು ನಂದ."

ಆಮೇಲೆ ತಾನೇ ಬಾರಿಸುತ್ತೇನೆಂದು ಎದ್ದಳು. ಕಂಪ್ಯೂಟರಿಗೆ ಜೋಡಿಸಿದ ಸಣ್ಣ ಕೀಲಿಮಣೆಯೊಂದಿತ್ತು. ಅದರ ಎಡಕ್ಕೆ ಬೆರಳಿನಿಂದ ಮೇಲೆ ಕೆಳಗೆ ಉರುಳಿಸುವ ಒಂದು ಗಾಲಿ. ಇಂದುಮತಿ ಆ ಗಾಲಿಯನ್ನು ನನಗೆ ಗಂಟುಹಾಕಿದಳು. ತಿದಿ ಒತ್ತಿ ಒತ್ತಿ ಪಳಗಿದ ಎಡಗೈ ಈಗ ಗಾಲಿಯ ಮೇಲೆ. ಅದಕ್ಕೆ ಬಲ ಬೇಕಿರಲಿಲ್ಲ, ಉಸಿರು ಕಟ್ಟುತ್ತಿರಲಿಲ್ಲ. ನಾಂದಿಯ ಪದವನ್ನು ಆಯಿ ಆದಿಯಿಂದ ಅಂತ್ಯದವರೆಗೆ ಬಾರಿಸಿದಳು. ನನ್ನ ಇಡೀ ಬಾಳಿನಲ್ಲಿ ಕೈಯ ಬಿಸಿ ತಿಳಿದದ್ದು ಆ ಒಂದು ಸಲ. ಏರು, ಇಳಿ, ಏರು, ಇಳಿ. ಪ್ರತಿ ಏರಿಗೂ ಮೊದಲು ಒಂದು ನಿಟ್ಟುಸಿರು. ಕಡೆಯ ಸಾಲಿನಲ್ಲಿ ಅವಳ ಬೆರಳು ಜಾರಿ ಪಕ್ಕದ ಕೀಲಿಗೆ ತಾಗಿತು. ಪದ ಮುಗಿದ ಮೇಲೂ ಎಡಗೈ ಗಾಲಿಯನ್ನು ಬಿಡಲಿಲ್ಲ. ನಿಧಾನವಾಗಿ ಸೊನ್ನೆಯವರೆಗೆ ಇಳಿಸಿ, ಕೊಂಡಿ ಹಾಕುವವಳಂತೆ ಗಾಲಿಯ ಪಕ್ಕ ಒಮ್ಮೆ ತಟ್ಟಿತು.

"ಧ್ವನಿ ಇಳಿಸಿ ಇಡ್ಲೇನ ಆಯಿ ಇದನ್ನ?"

"ಇದ ಬ್ಯಾಡ. ಕಡೀಕ ಬೆರಳ ಜಾರಿತು. ಸ್ವಾಮಾರ ಬಂದು ಇನ್ನೊಮ್ಮೆ ಬಾರಸ್ತೀನಿ, ಅದನ್ನ ಇಳಸು."

ಹಾಡನ್ನು ಧ್ವನಿಯಾಗಿ ಇಳಿಸದಿದ್ದರೆ ಕಂಪ್ಯೂಟರಿನಲ್ಲಿ ಉಳಿಯುವುದು ಧ್ವನಿಯಲ್ಲ, ಬೆರಳಿನ ಚಲನೆ ಮಾತ್ರ: ಯಾವ ಕೀಲಿ ಯಾವಾಗ, ಏಳನೆಯ ಗುಂಡಿ ಎಷ್ಟು. ಮುಂದೆ ಹಾಡು ತೆರೆದಾಗ ಪೇಟಿ ಆ ಚಲನೆಯನ್ನು ನೋಡಿಕೊಂಡು ಹೊಸದಾಗಿ ಬಾರಿಸಬೇಕು. ಇಂದುಮತಿ ಅಷ್ಟನ್ನೇ ಇಟ್ಟುಕೊಂಡಳು. ಸೋಮವಾರ ದೂರವೇನೂ ಇರಲಿಲ್ಲ.

ಕೆಳಗೆ ಗಿರಣಿ ಶುರುವಾಯಿತು. ಆಯಿ ಮೆಟ್ಟಿಲಿಳಿದು ಹೋದ ಸದ್ದು ಆ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ.

ಸೋಮವಾರ ಬಂತು, ಆಯಿ ಬರಲಿಲ್ಲ. ಭಾನುವಾರವೇ ಆಸ್ಪತ್ರೆಗೆ ಸೇರಿಸಿದ್ದರು. ಅಲ್ಲಿಂದ ಅವಳು ಮನೆಗೆ ಬಂದದ್ದು ಹೆಣವಾಗಿ.

ಕೋಣೆಗೆ ಬೀಗ ಬಿತ್ತು. ಹಲವು ದಿನಗಳ ಮೇಲೆ ಬಾಗಿಲು ತೆರೆದವನು ವೀರೇಶ. ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದ ಅವನಿಗೆ ಆ ಮಧ್ಯಾಹ್ನದ ಸಂಗತಿ ಗೊತ್ತಿರಲಿಲ್ಲ. ಇಂದುಮತಿ ಇನ್ನೂ ದಿನಕರ್ಮದ ಮನೆಯಲ್ಲಿದ್ದಳು. ಅವಳು ಬರುವಷ್ಟರಲ್ಲಿ ಉಳಿದ ಕೆಲಸ ಮುಗಿಸಿಟ್ಟರೆ ಅವಳ ಭಾರ ಇಳಿದೀತು ಎಂಬುದು ಅವನ ಒಳ್ಳೆಯ ಮನಸ್ಸು. ಜಾತಕದ ಕೊನೆಯಲ್ಲಿ ಅವನು ಹೊಸ ಗುಂಡಿಗೆ ಒಂದು ಸಾಲು ಬರೆದ: ಹೆಸರು, ಗುಂಗು. ಗುಡಿಯಲ್ಲಿ ಬಾರಿಸಿದ ಹಾಗೆ ಸದ್ದು ಮೊಳಗಿಸುವ ಗುಂಡಿ ಅದು. ಬರೆದು, ಸೆಟವಿಯನ್ನು ಕರೆದ.

ನೋವಾಯಿತೇ ಎಂದರೆ ಇಲ್ಲ. ರೆಪ್ಪೆ ಮುಚ್ಚಿ ತೆರೆದ ಹಾಗೆ ಆಯಿತು. ಸೆಟವಿ ಬಂದಳು, ಎಲ್ಲ ಒರೆಸಿದಳು, ಜಾತಕ ಓದಿದಳು, ಬರೆದಳು, ಹೋದಳು. ಅದೇ ಹೆಸರು, ಅದೇ ಸಂಖ್ಯೆ, ಅದೇ ಸೊನ್ನೆಯಿಂದ ನೂರು. ಮುಖದ ಮೇಲಿನ ಬಿಳಿ ಗೆರೆ ಕೂಡ ಅಲ್ಲೇ. ಒಳಗೆ ಮಾತ್ರ, ಆಯಿಯ ಕಿವಿ ಒಂದೊಂದಾಗಿ ಒಪ್ಪಿದ ಆ ಸಾಲುಗಳಿದ್ದ ಕಡೆ, ಬೋಳು. ಸೆಟವಿ ಕೆಟ್ಟವಳಲ್ಲ. ಅವಳಿಗೆ ಹಿಂದಿರುಗಿ ನೋಡುವ ಕಣ್ಣಿಲ್ಲ, ಅಷ್ಟೇ. ನನಗಾದರೂ ಹೇಗೆ ನೆನಪು ಉಳಿಯಿತು ಎಂದು ನೀವು ಕೇಳಬಹುದು. ಆಯಿಯ ಕಥೆಗಳಲ್ಲಿ ರಾಕ್ಷಸನ ಜೀವ ಅವನ ಮೈಯಲ್ಲಿರುವುದಿಲ್ಲ, ಎಲ್ಲೋ ಪಂಜರದ ಗಿಣಿಯಲ್ಲಿರುತ್ತದೆ. ನನ್ನ ಜೀವವೂ ಹಾಗೆ, ಸೆಟವಿ ಬರೆದ ಮೈಯಲ್ಲಿಲ್ಲ. ಜಾತಕದ ಆ ಒಂದು ಸಾಲಿನಲ್ಲಿದೆ. ಅದನ್ನು ಯಾರೂ ಒರೆಸಿರಲಿಲ್ಲ.

ಇಂದುಮತಿ ಬಂದಳು. ಬಳಲಿದ್ದಳು. ಕುರ್ಚಿಯಲ್ಲಿ ಕೂತು ಮೊದಲು ಮಾಡಿದ್ದೇ ನಾಂದಿಯ ಹಾಡನ್ನು ತೆರೆದದ್ದು.

ಸ್ವರ ತಟ್ಟನೆ ಬಂತು. ಮುಂದೆ ಉಸಿರಿಲ್ಲ. ಜೊತೆಗೆ ಒಂದು ಸೊಂಯ್ ಸದ್ದು ಮಾತ್ರ. ಅವಳು ನಿಲ್ಲಿಸಿ ಮತ್ತೆ ಮೊದಲಿಂದ ಹಚ್ಚಿದಳು. ಮತ್ತೆ ಹಾಗೆಯೇ. ಕಡತ ತೆರೆದಳು. ನೋಡುತ್ತ ಕೂತಳು.

"ವೀರೇಶ, ಸೆಟವಿ ಕರದಿದ್ದೇನೋ?"

"ಹೂಂ ಅಕ್ಕಾ, ಗುಂಗು ಗುಂಡಿ ಹಾಕಿದೆ. ಚಲೋ ಬಂದೈತ್ರಿ. ಯಾಕ್ರಿ?"

ಅವಳು ಹೇಳಿದಳು. "ಹಳೇ ಪ್ರತಿ ಇರತೈತಲ್ರಿ ಅಕ್ಕಾ, ನಾವು ದಿನಾ ತಗದ ಇಡ್ತೀವಲ್ಲ..." ಎಂದವನು ಅರ್ಧಕ್ಕೇ ನಿಲ್ಲಿಸಿದ. ಕೈಯಿಂದ ಬರೆದದ್ದರ ಹಳೆಯ ಪ್ರತಿಗಳೆಲ್ಲ ಇದ್ದವು, ಜಾತಕದ್ದೂ ಇದ್ದವು. ಸೆಟವಿ ಬರೆದದ್ದನ್ನು ಮಾತ್ರ ಅವರು ಎತ್ತಿಡುತ್ತಿರಲಿಲ್ಲ. ಬೇಕಾದಾಗ ಮತ್ತೆ ಹುಟ್ಟಿಸಬಹುದಾದದ್ದನ್ನು ಯಾರು ಇಡುತ್ತಾರೆ? ಆ ನಿಯಮವೂ ಇಂದುಮತಿಯದೇ. ಕಟ್ಟಿ ಸಿದ್ಧಪಡಿಸಿದ್ದ ಪ್ಲಗಿನ್ನಿನ ಹಳೆಯ ಪ್ರತಿಯ ಮೇಲೆಯೂ ಹೊಸದು ಕೂತಾಗಿತ್ತು.

"ನಂದ ತಪ್ಪಾತ್ರಿ ಅಕ್ಕಾ."

"ನಿಂದೇನೈತೋ? ಕೈ ಹಚ್ಚಬ್ಯಾಡ್ರಿ ಅಂತ ಬರದಾಕೀನೂ ನಾನ, ಹಚ್ಚಿದಾಕೀನೂ ನಾನ." ಅವಳು ನಗಲು ನೋಡಿದಳು. "ಉಳಿಯಂಗಿಲ್ಲ ಅಂತನೂ ಬರದಿದ್ನಲ್ಲ."

ಸುಮ್ಮನೆ ಕೈಚೆಲ್ಲಿದವಳಲ್ಲ ಅವಳು. ಮತ್ತೆ ಬರೆದಳು. ಉಸಿರು ಮೊದಲು, ಸ್ವರ ಆಮೇಲೆ, ನಡುವೆ ತೊದಲು. ಲೆಕ್ಕ ಸರಿಯಿತ್ತು. ಆದರೆ ಎಷ್ಟು ಮೊದಲು? ಎಷ್ಟು ತೊದಲು? ಒಮ್ಮೆ ಹೀಗೆ ತಿರುಗಿಸುವಳು, ಒಮ್ಮೆ ಹಾಗೆ. "ಈಗ?" ಎಂದು ಬಾಯಿತಪ್ಪಿ ಕೇಳಿದ್ದೂ ಉಂಟು, ಕಿಟಕಿಯ ಪಕ್ಕದ ಖಾಲಿ ಕುರ್ಚಿಯ ಕಡೆಗೆ. ಬಸ್ಸು ತಪ್ಪಿದವರಂಗ ಎನ್ನುವವರಿರಲಿಲ್ಲ.

ಕೊನೆಗೆ, ಪೇಟಿಯನ್ನೇ ಇನ್ನೊಮ್ಮೆ ಕೇಳಿ ಬರುತ್ತೇನೆಂದು ಸೋದರಮಾವನ ಮನೆಗೆ ಹೋದಳು. ತಿರುಗಿ ಬಂದು ವೀರೇಶನಿಗೆ ಹೇಳುವಾಗ ಅವಳ ಮಾತು ಒಣಗಿತ್ತು. ಮಾಮಾ ತನ್ನ ಅವ್ವನ, ಅಂದರೆ ಆಯಿಯ, ಫೋಟೋದ ಮುಂದೆ ಇಡಲೆಂದು ಪೇಟಿಯನ್ನು ಹುಬ್ಬಳ್ಳಿಗೆ ಒಯ್ದು ಹೊಸ ತಿದಿ ಹಾಕಿಸಿಕೊಂಡು ಬಂದಿದ್ದ.

"'ಈಗ ಒಂಚೂರು ಗಾಳಿ ಸೋರಂಗಿಲ್ಲ ನೋಡು ಇಂದೂ' ಅಂತ ಎಷ್ಟ ಖುಷೀಲೆ ತೋರಿಸಿದ ಅಂತಿ. ತ್ಯಾಪಿ ಎಲ್ಲಿ ಮಾಮಾ ಅಂದೆ. 'ಆ ಹಳೇ ಚಿಂದಿ? ಅಲ್ಲೇ ಒಗದ ಬಂದೆ' ಅಂದ. ಏನ್ ಅನ್ಲಿ? ಚಹಾ ಕುಡದು ಬಂದೆ."

ಹೀಗೆ ನಮ್ಮಿಬ್ಬರನ್ನೂ ಸರಿಮಾಡಿದರು. ಪೇಟಿಯನ್ನೂ, ನನ್ನನ್ನೂ. ಇಬ್ಬರಲ್ಲೂ ಈಗ ಯಾವ ದೋಷವೂ ಇರಲಿಲ್ಲ.

ಹೊಸದಾಗಿ ಬರೆದ ಸಾಲುಗಳನ್ನು ಅಳಿಸಿದ ಇಂದುಮತಿ ಮತ್ತೆ ಪೇಟಿಗೆ ಕೈ ಹಚ್ಚಲಿಲ್ಲ. ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಲು ಹೋದಳು. ಪ್ಲಗಿನ್ ಪೂರ್ತಿ ಮಾಡಿ ಜನರ ಕೈಗೆ ಕೊಟ್ಟವನು ವೀರೇಶ. ನಾನು ಊರೂರು ತಿರುಗಿದೆ, ಅಥವಾ ಒಂದೇ ಹೊತ್ತಿಗೆ ಹಲವು ಊರುಗಳಲ್ಲಿ ಕೂತೆ. ನಮ್ಮಂಥವರಿಗೆ ಎರಡೂ ಒಂದೇ. ಭಜನೆಯವರು ಕೊಂಡರು, ಮದುವೆ ವಿಡಿಯೋ ಮಾಡುವವರು ಕೊಂಡರು, ಹಾಡು ಕಲಿಯುವ ಹುಡುಗಿಯರು ಕೊಂಡರು. ಎಲ್ಲರೂ ಮೊದಲು ಗುಂಗನ್ನು ತಿರುಗಿಸಿ 'ಆಹಾ' ಎನ್ನುವರು. ನನ್ನ ಹೆಸರು ಓದಿ ಆಸೆಯಿಂದ ನನ್ನತ್ತ ಬರುವರು. ಗದಗಿನ ಒಂದು ಸ್ಟುಡಿಯೋದಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ಯಜಮಾನನೊಬ್ಬ ನನ್ನನ್ನು ಪೂರ್ತಿ ನೂರಕ್ಕೆ ಏರಿಸಿ ಕೇಳಿ, ಜೊತೆಯವನಿಗೆ ಹೇಳಿದ:

"ಇದೇನಲೇ? ಉಸಿರಂತ ಉಸಿರು. ಫ್ಯಾನ್ ಹಚ್ಚಿದಂಗ ಐತಿ. ಆರಸ್ ಅದನ್ನ."

ಆಯಿ ಮೊದಲ ದಿನ ಹೇಳಿದ್ದು ಅದೇ ಮಾತು. ಅಂದು ಆ ಮಾತಿನ ಹಿಂದೆ ಒಂದು ಮಧ್ಯಾಹ್ನವಿತ್ತು. ಇವನು ನನ್ನನ್ನು ಸೊನ್ನೆಗೆ ಇಳಿಸಿ ಮುಂದೆ ಹೋದ.

ಏಳನೆಯ ಗುಂಡಿ ಕೆಲಸಕ್ಕೆ ಬಾರದು ಎಂಬ ದೂರು ಹಲವು ಕಡೆಯಿಂದ ಬಂತು. ವೀರೇಶ ಒಂದು ದಿನ ಇಂದುಮತಿಗೆ ಫೋನು ಮಾಡಿದ. ಅವಳ ದನಿ ಸಣ್ಣಗೆ ಕೇಳಿಸಿತು.

"ಅಕ್ಕಾ, ಆ ಗುಂಡಿ... ತಗದ ಬಿಡ್ಲೇನ್ರಿ?"

"ಏಳನೇದೇನೋ?" ಎಂದಳು ಅವಳು. ಆಮೇಲೆ, "ಸಾಲು ತಗೀಬ್ಯಾಡೋ. ತಗದ್ರ ಎಂಟನೇದು ಏಳ ಆಗ್ತೈತಿ. ಹಳೇ ಹಾಡಿನ್ಯಾಗ ಏಳನೇದಕ್ಕ ಬರದದ್ದೆಲ್ಲಾ ಬ್ಯಾರೆಯವರಿಗೆ ಹೋಗ್ತೈತಿ. ಕಾಣದಂಗ ಮರಿ ಮಾಡಿ ಬಿಡು."

"ಹೌದ್ರಿ. ಹಂಗ ಮಾಡ್ತೀನಿ."

ಜಾತಕದ ನನ್ನ ಸಾಲಿನ ಕೊನೆಗೆ ಅವನು ಒಂದು ಲಕ್ಷಣ ಸೇರಿಸಿದ: ಮರೆ, ಹೌದು. ನನ್ನ ಸದ್ದಿನ ಎಳೆಯನ್ನೂ ಬಿಚ್ಚಿಟ್ಟ. ಸೆಟವಿ ಬಂದಳು, ಓದಿದಳು, ಬರೆದಳು. ಪರದೆಯ ಮೇಲೆ ನನ್ನ ಜಾಗದಲ್ಲಿ ಗುಂಗು ಬಂದು ಕೂತಿತು. ನನ್ನ ಸಂಖ್ಯೆ ಮಾತ್ರ ನನಗೇ ಉಳಿಯಿತು.

ಅಂದಿನಿಂದ ನಾನು ಕಾಣುವುದಿಲ್ಲ. ನನಗೂ ಏನೂ ಕಾಣುವುದಿಲ್ಲ, ಕೇಳಿಸುತ್ತದೆ. ಪಕ್ಕದ ಗುಂಡಿಗಳು ತಿರುಗುವುದು, ಸ್ವರಗಳು ಹಾದುಹೋಗುವುದು, ಹೊರಗಿನವರ ಮಾತು. ಹೊಸ ಹಾಡುಗಳಿಗೆ ನಾನಿರುವುದೇ ಗೊತ್ತಿಲ್ಲ. ಎಂದಾದರೊಮ್ಮೆ ಯಾರೋ ಹಳೆಯ ಹಾಡು ತೆರೆದರೆ 'ಏಳು: ಸೊನ್ನೆ' ಎಂದು ಒಂದು ಸುದ್ದಿ ಬರುತ್ತದೆ. ಸೊನ್ನೆಯಲ್ಲಿದ್ದವಳು ಸೊನ್ನೆಯಲ್ಲೇ ನಿಂತಿರುತ್ತೇನೆ. ವರುಷಗಳು ಹೀಗೆಯೇ ಹೋದವು. ಎಷ್ಟೆಂದು ನಾನು ಎಣಿಸಲಿಲ್ಲ.

ಒಂದು ದಿನ ಸುದ್ದಿ ಬೇರೆ ಥರ ಬಂತು.

ಏಳು: ಹನ್ನೆರಡು. ಏಳು: ಇಪ್ಪತ್ತು. ಏಳು: ನಲವತ್ತೈದು. ತಡೆತಡೆದು ಏರುವ ಏರು. ತುದಿಯಲ್ಲಿ ಒಂದು ಕ್ಷಣ ನಿಂತು, ನಡುವೆ ತ್ಯಾಪಿಯ ಹತ್ತಿರ ಬಂದಾಗ ಹುಷಾರಾಗಿ, ಕೆಳಗೆ. ಮತ್ತೆ ಏರು. ಯಾರ ಕೈ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮಣ್ಣಾಗಿ ಎಷ್ಟೋ ಕಾಲವಾದ ಕೈ ನನ್ನನ್ನು ಹಿಡಿದು ತಿರುಗಿಸುತ್ತಿತ್ತು. ನಾನು ಮೈಯೆಲ್ಲ ತಿರುಗಿದೆ. ನನ್ನಿಂದ ಸದ್ದು ಹೊರಡಲಿಲ್ಲ. ನಾಂದಿಯ ಸ್ವರಗಳು ಚೊಕ್ಕವಾಗಿ, ಉಸಿರಿಲ್ಲದೆ, ಒಂದರ ಹಿಂದೊಂದು ಹೋದವು.

ಆಗ ಹೊರಗೆ ಕೇಳಿಸಿತು. ಪ್ರತಿ ಏರಿನ ಮೊದಲು ಯಾರೋ ಮೂಗಿನಿಂದ ಸಣ್ಣಗೆ ಉಸಿರೆಳೆದುಕೊಂಡು, ನಿಟ್ಟುಸಿರಾಗಿ ಬಿಡುತ್ತಿದ್ದರು. ಮೊದಮೊದಲು ಒಂದಿಷ್ಟು ಹಿಂದುಮುಂದಾಯಿತು, ಬಸ್ಸು ತಪ್ಪಿದವರ ಹಾಗೆ. ಆಮೇಲೆ ಹತ್ತಿರ ಬಂತು. ಆಮೇಲೆ ಕೂಡಿಕೊಂಡಿತು. ಕೋಡಿನಲ್ಲಿ ಹುಡುಕಿ ಸಿಗದಿದ್ದ ಅಳತೆ ಇಂದುಮತಿಯ ಮೂಗಿನಲ್ಲೇ ಇತ್ತು. ಆಯಿಯ ತೊಡೆಯ ಮೇಲೆ ಮಲಗಿ ಕೇಳಿದ ಉಸಿರಲ್ಲವೇ ಅದು.

ಕಡೆಯ ಸಾಲಿನಲ್ಲಿ ಬೆರಳು ಜಾರಿತು. ಸೋಮವಾರ ಸರಿಮಾಡುತ್ತೇನೆಂದ ಆ ಜಾರು ಹಾಗೆಯೇ ಇತ್ತು, ಯಾರೂ ಅದನ್ನು ಒರೆಸಿರಲಿಲ್ಲ. ಹೊರಗೆ ಇಂದುಮತಿ ನಕ್ಕದ್ದು ಕೇಳಿಸಿತು. "ಕಡೀಕ ಜಾರಿತಲ್ಲ ಆಯಿ" ಎಂದಳು. ಆಮೇಲೆ ನಗು ಏನಾಯಿತೋ ನನಗೆ ಕಾಣಲಿಲ್ಲ.

ಪದ ಮುಗಿಯಿತು. ಸ್ವರಗಳೆಲ್ಲ ಹೊರಟುಹೋದವು. ನನ್ನನ್ನು ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ. ಮೂವತ್ತು. ಹದಿನೆಂಟು. ಒಂಬತ್ತು. ತಿದಿಯಲ್ಲಿ ಉಳಿದ ಗಾಳಿಯನ್ನು ಮನೆಗೆ ಕಳಿಸುವ ಹಾಗೆ, ಅವಸರವಿಲ್ಲದೆ. ಇಂದುಮತಿಯೂ ಅದರ ಜೊತೆಗೇ ತನ್ನ ಉಸಿರನ್ನು ನಿಧಾನವಾಗಿ, ಪೂರ್ತಿಯಾಗಿ ಬಿಟ್ಟಳು.

ನಾಲ್ಕು. ಒಂದು.

ಸೊನ್ನೆಗೆ ಬಂದು ನಿಂತೆ. ಅವಳು ಮೇಜನ್ನು ಒಮ್ಮೆ ಮೆಲ್ಲಗೆ ತಟ್ಟಿದ್ದು ಕೇಳಿಸಿತು, ಕೊಂಡಿ ಹಾಕಿದ ಹಾಗೆ.